ಮಳೆ ನಿಂತ ಮೇಲೆ ಸೈಕಲ್ ಎಲ್ಲಿ ಓಡಿಸಬಹುದು? ಮೈಸೂರು–ಮಂಡ್ಯದ ಮಣ್ಣಿನ ದಾರಿಗಳಿಗೊಂದು ಮಾರ್ಗದರ್ಶಿ

ಮುಂಗಾರು ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತದೆ. “ನಿನ್ನೆ ರಾತ್ರಿ ಜೋರು ಮಳೆ. ಇವತ್ತು ಸೈಕಲ್ ತಗೊಂಡು ಮಣ್ಣಿನ ದಾರಿಗೆ ಇಳಿಯಬಹುದಾ?” “ಮಳೆ ಬಂದ ಮೇಲೆ ಎಷ್ಟು ದಿನ ಬಿಡಬೇಕು?” ‘ಎರಡು ದಿನ ಬಿಡಿ’ ಅಂತ ಉತ್ತರ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಲೆಕ್ಕ ನಂಬಬೇಡಿ. ಒಂದೇ ಮಳೆ ಬಿದ್ದರೂ ಬೆಟ್ಟದ ತಪ್ಪಲಿನ ಗರಸು (ಕಲ್ಲು ಹರಳಿನ) ದಾರಿ ಮರುದಿನ ಬೆಳಗ್ಗೆಗೇ ಹದವಾಗಿರುತ್ತದೆ. ಟಿ. ನರಸೀಪುರ, ನಂಜನಗೂಡು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದ ಬಂಡಿ ಜಾಡಿನಲ್ಲಿ ವಾರ ಕಳೆದರೂ ಗಾಲಿ ತಿರುಗದೇ ಇರಬಹುದು. ಹಾಗಾಗಿ ದಿನ ಎಣಿಸುವ ಬದಲು ಎರಡು ವಿಷಯ ನೋಡಲು ಕಲಿಯಬೇಕು: ಕಾಲಡಿ ಇರುವ ಮಣ್ಣು ಯಾವುದು, ಬಿದ್ದ ನೀರು ಎಲ್ಲಿಗೆ ಹೋಯಿತು.

ಈ ಲೇಖನ ಮೌಂಟನ್ ಬೈಕ್ ಇಟ್ಟುಕೊಂಡವರಿಗೆ. ಅಂದರೆ ಅಗಲವಾದ, ಹಲ್ಲುಹಲ್ಲಾದ ಟೈರಿನ ಸೈಕಲ್. ‘ಟ್ರೇಲ್’ ಅಂತ ಸವಾರರು ಹೇಳುವುದು ಟಾರಿಲ್ಲದ ದಾರಿಗೆ: ಕಾಲುದಾರಿ, ಬಂಡಿ ಜಾಡು, ಕೆರೆ ಏರಿ, ನಾಲೆ ಏರಿ ಎಲ್ಲವೂ ಸೇರಿತು. ಕೈಯಲ್ಲಿ ಇರಬೇಕಾದದ್ದು ಕಡಿಮೆ. ಒಂದು ನೀರಿನ ಬಾಟಲಿ, ಗೇಣುದ್ದದ ಗಟ್ಟಿ ಕಡ್ಡಿ, ಟೈರಿನ ಗಾಳಿ ಅಳೆಯುವ ಗೇಜ್ ಇರುವ ಪಂಪ್, ಪಂಕ್ಚರ್ ಸಾಮಾನು.

1. ಮಳೆ ಎಷ್ಟು ಬಂತು, ಹೇಗೆ ಬಂತು

ಮೊದಲು ಅಂಕಿ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಹಿಂದಿನ ದಿನ ಬೆಳಗ್ಗೆ 8.30ರಿಂದ ಇಂದು 8.30ರವರೆಗಿನ ಲೆಕ್ಕ ಸಿಗುತ್ತದೆ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು. ನಿಮ್ಮ ಮನೆ ಹತ್ತಿರದ ಅಂಕಿ ಬೇಡ, ಹೋಗುವ ಊರಿನ ಅಂಕಿ ನೋಡಿ. ಕುವೆಂಪುನಗರದಲ್ಲಿ ರಸ್ತೆ ತುಂಬ ನೀರು ಹರಿದಿದ್ದರೂ ಪಾಂಡವಪುರದಲ್ಲಿ ಧೂಳು ಎದ್ದಿರಬಹುದು.

ಅಂಕಿ ಮಾತ್ರ ಸಾಲದು. ನಮ್ಮ ಕಡೆ ಎರಡು ಬಗೆಯ ಮಳೆ ಇದೆ. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವುದು ಗುಡುಗಿನ ಮಳೆ. ಅರ್ಧ ಗಂಟೆಯಲ್ಲಿ ಸುರಿದು ಹೋಗುತ್ತದೆ. ನೆಲ ಅಷ್ಟು ಬೇಗ ಕುಡಿಯಲಾರದು. ಹೆಚ್ಚಿನ ನೀರು ಮೇಲೆಯೇ ಹರಿದು ದಾರಿಯಲ್ಲಿ ಕೊರಕಲು ಕೊರೆಯುತ್ತದೆ. ಆದರೆ ಒಳಗೆ ಜಾಸ್ತಿ ಇಳಿದಿರುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಸೋನೆ ಮಳೆ ಇದಕ್ಕೆ ಉಲ್ಟಾ. ದಿನವಿಡೀ ಜಿಟಿಜಿಟಿ. ನೋಡಿದರೆ ಮಳೆಯೇ ಅಲ್ಲ ಅನ್ನಿಸುತ್ತದೆ. ಆದರೆ ಬಿದ್ದದ್ದೆಲ್ಲ ಒಳಗೆ ಇಳಿಯುತ್ತದೆ, ಮೋಡ ಮುಚ್ಚಿರುವುದರಿಂದ ಆರುವುದೂ ಇಲ್ಲ. 20 ಮಿ.ಮೀ. ಗುಡುಗು ಮಳೆಯಾದ ಮರುದಿನ ದಾರಿಯಲ್ಲಿ ಕೊರಕಲು ಬಿದ್ದಿರಬಹುದು, ಆದರೆ ಗಟ್ಟಿ ಇರುತ್ತದೆ. ಅದೇ 20 ಮಿ.ಮೀ. ಸೋನೆಯಾಗಿ ಬಿದ್ದರೆ ದಾರಿ ಚೆನ್ನಾಗಿ ಕಾಣುತ್ತದೆ, ಒಳಗೆ ಮೆತ್ತಗಿರುತ್ತದೆ.

2. ಮಣ್ಣು ಗುರುತಿಸಿ

ಇಡೀ ವಿಷಯದ ಬೇರು ಇಲ್ಲಿದೆ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೈಸೂರು–ಮಂಡ್ಯದ ನೆಲದಡಿ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ನೈಸ್ ಎಂಬ ಹಳೆಯ ಶಿಲೆ. ಚಾಮುಂಡಿ ಬೆಟ್ಟ ಅಪ್ಪಟ ಗ್ರಾನೈಟು. ಈ ಕಲ್ಲು ಶಿಥಿಲವಾದಾಗ ಅದರೊಳಗಿನ ಬೆಣಚು ಕರಗುವುದಿಲ್ಲ, ಒರಟು ಮರಳಾಗಿ ಉಳಿಯುತ್ತದೆ. ಉಳಿದ ಖನಿಜಗಳು ನುಣ್ಣನೆ ಜೇಡಿಯಾಗುತ್ತವೆ. ಅದರಲ್ಲಿರುವ ಕಬ್ಬಿಣಕ್ಕೆ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತದೆ. ಸಾವಿರಾರು ವರ್ಷ ಮಳೆ ಬಿದ್ದು ನುಣುಪು ಭಾಗ ತಗ್ಗಿಗೆ ಕೊಚ್ಚಿಹೋಗುತ್ತದೆ, ಒರಟು ಭಾಗ ಮೇಲೆಯೇ ಕೂರುತ್ತದೆ. ಹಾಗಾಗಿ ಗುಡ್ಡದ ಮೇಲ್ಭಾಗದಲ್ಲಿ ಗರಸು, ಇಳಿಜಾರಿನ ನಡುವೆ ಕೆಮ್ಮಣ್ಣು, ತಗ್ಗಿನಲ್ಲಿ ಜೇಡಿ. ಕೆರೆ ಅಂಗಳದ ಗೋಡನ್ನು (ಹೂಳು ಮಣ್ಣನ್ನು) ರೈತರು ಹೊಲಕ್ಕೆ ಹೊಡೆಸುವುದು ಸುಮ್ನೆ ಅಲ್ಲ. ನೀರು ಹಿಡಿದಿಡುವ ಮಣ್ಣು ಅದು. ಅವರಿಗೆ ಬೇಕಾದದ್ದು ಅದೇ ಗುಣ, ನಮಗೆ ಬೇಡವಾದದ್ದೂ ಅದೇ.

ಒಂದೊಂದಾಗಿ ನೋಡೋಣ.

*ಗರಸು.* ಕಡಲೆ ಕಾಳಿನಷ್ಟು ದಪ್ಪದ ಕಲ್ಲು ಹರಳು ಜಾಸ್ತಿ ಇರುವ ಮಣ್ಣು. ನೀರು ನೇರ ಕೆಳಗೆ ಇಳಿಯುತ್ತದೆ. ಜೋರು ಮಳೆಯಾದರೂ ಕೆಲವು ಗಂಟೆಯಲ್ಲಿ ಓಡಿಸಬಹುದು. ಇಲ್ಲಿ ಕಷ್ಟ ಕೊಡುವುದು ಒಣ ಕಾಲ: ಬೇಸಿಗೆಯಲ್ಲಿ ಹರಳು ಸಡಿಲವಾಗಿ ತಿರುವಿನಲ್ಲಿ ಮುಂದಿನ ಗಾಲಿ ಜಾರುತ್ತದೆ.

*ಕೆಂಪು ಮರಳು ಮಿಶ್ರಿತ ಮಣ್ಣು.* ನಮ್ಮಲ್ಲಿ ಜಾಸ್ತಿ ಇರುವುದು ಇದೇ. ರಾಗಿ, ಹುರುಳಿ ಬೆಳೆಯುವ ಹೊಲಗಳ ಮಣ್ಣು. ಹದವಾಗಿ ನೆನೆದಾಗ ಇದರಷ್ಟು ಹಿಡಿತ ಕೊಡುವ ನೆಲ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಮರಳು ಕಣಗಳ ನಡುವಿನ ತೆಳು ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ, ಧೂಳು ಅಡಗುತ್ತದೆ, ಟೈರಿನ ಹಲ್ಲು ಚೆನ್ನಾಗಿ ಕಚ್ಚುತ್ತದೆ. ಮಳೆ ಬಂದರೆ ಸೈಕಲ್ ಮೂಲೆಗೆ ಇಡುವವರು ವರ್ಷದ ಅತ್ಯುತ್ತಮ ದಿನಗಳನ್ನೇ ಕಳೆದುಕೊಳ್ಳುತ್ತಾರೆ. ಒಂದು ಮೋಸ ಮಾತ್ರ ಇದೆ. ಹನಿಯ ಏಟಿಗೆ ಈ ಮಣ್ಣಿನ ಮೇಲ್ಮೈ ಹೆಪ್ಪುಗಟ್ಟಿ, ಬಿಸಿಲಿಗೆ ತೆಳುವಾದ ಗಟ್ಟಿ ಪದರವಾಗುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ.

*ಎರೆ ಮಣ್ಣು.* ಕಪ್ಪು ಮಣ್ಣು. ಇದರ ಜೇಡಿ ನೀರು ಕುಡಿದರೆ ಊದುತ್ತದೆ, ಒಣಗಿದರೆ ಬಿರಿಯುತ್ತದೆ. ಒದ್ದೆಯಾದಾಗ ಟೈರಿಗೆ ಪದರ ಪದರವಾಗಿ ಮೆತ್ತಿಕೊಂಡು, ಮುಂದಿನ ಫೋರ್ಕಿನ ಸಂದಿಯಲ್ಲಿ ತುಂಬಿ, ಗಾಲಿಯನ್ನೇ ನಿಲ್ಲಿಸುತ್ತದೆ. ಆಗ ಬಲ ಹಾಕಿ ತುಳಿದರೆ ಹಿಂದಿನ ಗೇರ್ ಹಿಡಿದುಕೊಂಡಿರುವ ‘ಹ್ಯಾಂಗರ್’ ಎಂಬ ಸಣ್ಣ ಲೋಹದ ತುಂಡು ಮುರಿಯುತ್ತದೆ. ಅಲ್ಲಿಂದ ಮನೆಗೆ ಹೆಗಲ ಮೇಲೆ ಸೈಕಲ್. ಮಳೆಗಾಲದಲ್ಲಿ ಎರೆ ಭೂಮಿಯ ದಾರಿ ಪಟ್ಟಿಯಿಂದ ತೆಗೆದುಬಿಡಿ. ಬೇಸಿಗೆಯಲ್ಲಿ ಹೋಗಬಹುದು, ಬಿರುಕಿಗೆ ಗಾಲಿ ಸಿಗದ ಹಾಗೆ ನೋಡಿಕೊಂಡು.

*ಚೌಳು.* ಮಂಡ್ಯದ ನೀರಾವರಿ ಪ್ರದೇಶದಲ್ಲಿ ಅಲ್ಲಲ್ಲಿ ಸಿಗುತ್ತದೆ. ಒಣಗಿದಾಗ ಬಿಳಿಯ ಉಪ್ಪಿನಂಥ ಪುಡಿ ಕಾಣುತ್ತದೆ. ಒದ್ದೆಯಾದಾಗ ಕಣಗಳು ಬಿಡಿಬಿಡಿಯಾಗಿ ನೀರು ಇಳಿಯುವ ರಂಧ್ರ ಮುಚ್ಚುತ್ತವೆ. ನೀರು ಮೇಲೆಯೇ ನಿಂತು ವಿಪರೀತ ಜಾರುತ್ತದೆ.

*ಮೆಕ್ಕಲು.* ಕಾವೇರಿ, ಕಬಿನಿ ದಡದ ನುಣುಪು ಮಣ್ಣು. ಇದರ ಹಣೆಬರಹ ಸ್ಥಳೀಯ ಮಳೆಯ ಕೈಯಲ್ಲಿ ಮಾತ್ರ ಇಲ್ಲ. ಕೊಡಗಿನಲ್ಲಿ ಮಳೆ ಜೋರಾಗಿ ಕೆ.ಆರ್.ಎಸ್. ನೀರಿನ ಮಟ್ಟ ಪೂರ್ತಿ ತುಂಬುವ 124.80 ಅಡಿಯ ಹತ್ತಿರ ಬಂದರೆ ನದಿಗೆ ನೀರು ಬಿಡುತ್ತಾರೆ. ನಿಮ್ಮೂರಲ್ಲಿ ಬಿಸಿಲಿದ್ದರೂ ಶ್ರೀರಂಗಪಟ್ಟಣದ ದಡದ ಕಾಲುದಾರಿ ನೀರಿನಡಿ ಇರಬಹುದು. ಹೊರಹರಿವಿನ ಸುದ್ದಿ ನೋಡದೆ ದಡಕ್ಕೆ ಇಳಿಯಬೇಡಿ.

ಬಣ್ಣ ನೋಡಿ ತೀರ್ಮಾನ ಮಾಡಲು ಆಗದಿದ್ದರೆ ಕೈ ಪರೀಕ್ಷೆ ಮಾಡಿ. ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯಾಗಿ ಹೊರಗೆ ಬಿಡಿ. ಪಟ್ಟಿ ಬರುವುದೇ ಇಲ್ಲ, ಪುಡಿಯಾಗುತ್ತದೆ ಅಂದರೆ ಮರಳು ಜಾಸ್ತಿ. 2.5 ಸೆಂ.ಮೀ. ಆಗುವುದರೊಳಗೆ ಮುರಿದರೆ ಮಿಶ್ರ ಮಣ್ಣು, ಒಂದು ದಿನ ಬಿಟ್ಟು ಹೋಗಬಹುದು. 5 ಸೆಂ.ಮೀ. ದಾಟಿಯೂ ಮುರಿಯದೆ ಜೋತುಬಿದ್ದರೆ ಅದು ಜೇಡಿ, ಕಾಯಲೇಬೇಕು. ಇದನ್ನು ಒಂದು ದಾರಿಗೆ ಒಂದು ಸಲ ಮಾಡಿದರೆ ಸಾಕು, ಮಣ್ಣು ವರ್ಷಕ್ಕೊಮ್ಮೆ ಬದಲಾಗುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಮಾಡಿ ಸುಮ್ಮನಾಗಬೇಡಿ. ಏರಿನಲ್ಲಿ ಒಮ್ಮೆ, ತಗ್ಗಿನಲ್ಲಿ ಒಮ್ಮೆ ಮಾಡಿ.

3. ಇಳಿಜಾರು ಓದಿ

ಬಾಟಲಿಯ ನೀರನ್ನು ದಾರಿಯ ನಡುವೆ ಸ್ವಲ್ಪ ಸುರಿಯಿರಿ. ಅದು ದಾರಿಯನ್ನು ಅಡ್ಡ ದಾಟಿ ಪಕ್ಕಕ್ಕೆ ಇಳಿದರೆ ಆ ದಾರಿ ಮಳೆ ತಡೆದುಕೊಳ್ಳುತ್ತದೆ. ದಾರಿಯ ಉದ್ದಕ್ಕೇ ಹರಿದರೆ, ಪ್ರತಿ ಮಳೆಗೂ ಅದು ಕಾಲುವೆಯಾಗುತ್ತದೆ.

ಟ್ರೇಲ್ ಮಾಡುವವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ದಾರಿಯ ಏರು ಪಕ್ಕದ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಒಟ್ಟಾರೆ ಶೇ 10 ದಾಟಬಾರದು, ಅಂದರೆ 100 ಮೀಟರ್ ಸಾಗಿದರೆ 10 ಮೀಟರ್ ಏರು. ಗುಡ್ಡವನ್ನು ಸುತ್ತಿಕೊಂಡು ಹೋಗುವ ದಾರಿಯಲ್ಲಿ ನೀರಿಗೆ ಉದ್ದಕ್ಕೆ ಓಡಲು ಜಾಗ ಸಿಗುವುದಿಲ್ಲ, ಪಕ್ಕಕ್ಕೆ ಬೀಳುತ್ತದೆ. ನೇರ ಮೇಲಕ್ಕೆ ಹತ್ತುವ ದಾರಿ ಹಾಗಲ್ಲ. ನಮ್ಮ ಬೆಟ್ಟಗಳ ಕಾಲುದಾರಿಗಳು ಬಹಳಷ್ಟು ಈ ಎರಡನೇ ಜಾತಿಯವು. ಜನ ಗುಡಿಗೆ ಹೋಗಲು ಹತ್ತಿರದ ದಾರಿ ಹುಡುಕಿದ್ದಾರೆ, ತಪ್ಪೇನಿಲ್ಲ. ಸೈಕಲ್ಲಿಗೆ ಮಾತ್ರ ಆಡು–ಕುರಿಗಳ ಅಡ್ಡ ಜಾಡು ವಾಸಿ.

ಬಂಡೆ ಬೆಟ್ಟಗಳಲ್ಲಿ ಇನ್ನೊಂದು ವಿಷಯ ಗಮನಿಸಿ. ಪಾಂಡವಪುರದ ಕುಂತಿ ಬೆಟ್ಟದಂಥ ಕಡೆ ದೊಡ್ಡ ಹಾಸುಬಂಡೆಗಳಿವೆ. ಬಂಡೆ ಒಂದು ಹನಿಯನ್ನೂ ಕುಡಿಯುವುದಿಲ್ಲ. ಅಷ್ಟು ನೀರೂ ಬಂಡೆಯ ಅಂಚಿನ ತೆಳು ಮಣ್ಣಿಗೆ ಇಳಿಯುತ್ತದೆ. ಮಳೆ ನಿಂತ ಮೇಲೂ ಅಲ್ಲಿ ನೀರು ಜಿನುಗುತ್ತಿರುತ್ತದೆ. ಇಡೀ ದಾರಿ ಒಣಗಿದ್ದರೂ ಬಂಡೆ ಮುಗಿದು ಮಣ್ಣು ಶುರುವಾಗುವ ಆ ನಾಲ್ಕು ಮಾರು ಜಾಗದಲ್ಲಿ ಗಾಲಿ ಹೂತುಕೊಳ್ಳುತ್ತದೆ. ಬಂಡೆಯ ಮೇಲೆ ಕೂತ ತೆಳು ಮಣ್ಣು ಸತತ ಮಳೆಗೆ ಎಷ್ಟು ಸಡಿಲವಾಗುತ್ತದೆ ಅನ್ನುವುದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ಟಾರು ರಸ್ತೆಯೇ ಕುಸಿದಿತ್ತು.

ಬಂಡೆಯ ಮೇಲೇ ಓಡಿಸಬಹುದಾ? ಒರಟು ಗ್ರಾನೈಟ್ ಒದ್ದೆಯಾದರೂ ಹಿಡಿತ ಕೊಡುತ್ತದೆ. ಅದರ ಮೇಲೆ ನೀರಿಳಿದ ಕಡೆ ಕಪ್ಪು ಪಟ್ಟೆಗಳಿರುತ್ತವೆ, ನೋಡಿದ್ದೀರಲ್ವಾ? ಅದು ಪಾಚಿಯ ಜಾತಿ. ಒಣಗಿದಾಗ ಏನೂ ಮಾಡದು, ಒದ್ದೆಯಾದರೆ ಎಣ್ಣೆ ಸುರಿದಷ್ಟು ಜಾರುತ್ತದೆ. ಆ ಪಟ್ಟೆಗಳನ್ನು ತಪ್ಪಿಸಿ. ಕಾಲು ತುಳಿತಕ್ಕೆ ನುಣುಪಾದ ಮೆಟ್ಟಿಲುಗಳನ್ನೂ ಅಷ್ಟೇ.

4. ಬಿಸಿಲು, ಗಾಳಿ, ನೆರಳು

ಹೊರದೇಶದ ಪುಸ್ತಕಗಳಲ್ಲಿ ‘ದಕ್ಷಿಣದ ಇಳಿಜಾರು ಬೇಗ ಒಣಗುತ್ತದೆ’ ಅಂತ ಇರುತ್ತದೆ. ಅದನ್ನು ಹಾಗೇ ಇಲ್ಲಿಗೆ ತರಬೇಡಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕೆ ಇರುತ್ತಾನೆ. ಮುಂಗಾರಿನಲ್ಲಿ ದಕ್ಷಿಣದ ಬದಿಗೆ ಏನೂ ಲಾಭವಿಲ್ಲ. ಹಿಂಗಾರಿನ ಹೊತ್ತಿಗೆ, ಅಕ್ಟೋಬರ್–ನವೆಂಬರ್‌ನಲ್ಲಿ, ಆ ಮಾತು ಸರಿಹೋಗುತ್ತದೆ.

ಮುಂಗಾರಿನಲ್ಲಿ ಒಣಗಿಸುವುದು ಬಿಸಿಲಿಗಿಂತ ಗಾಳಿ. ನೈಋತ್ಯ, ಪಶ್ಚಿಮದ ಕಡೆ ತೆರೆದ ಇಳಿಜಾರು ಬೇಗ ಆರುತ್ತದೆ. ಲಾಂಟಾನ ಪೊದೆ ಎರಡೂ ಕಡೆ ಮುಚ್ಚಿಕೊಂಡ ದಾರಿ, ನೀಲಗಿರಿ ತೋಪಿನ ಒಳಗಿನ ದಾರಿ ನಿಧಾನ. ತೋಪಿನಲ್ಲಿ ಉದುರಿದ ಎಲೆ, ತೊಗಟೆ ಒದ್ದೆಯಾಗಿ ಜಾರುವುದು ಬೇರೆ.

5. ಜಾಗಕ್ಕೆ ಹೋದ ಮೇಲೆ ಮೂರು ಪರೀಕ್ಷೆ

ಇಷ್ಟೆಲ್ಲ ಲೆಕ್ಕ ಹಾಕಿ ಹೋದರೂ ಕೊನೆಯ ಮಾತು ನೆಲದ್ದೇ.

ಮೊದಲು ಕಡ್ಡಿ ಚುಚ್ಚಿ. ಮೇಲಿನ ಗಟ್ಟಿ ಪದರ ದಾಟಿದ ಕೂಡಲೇ ಕಡ್ಡಿ ಸಲೀಸಾಗಿ ಇಳಿದರೆ ಒಳಗೆ ಕೆಸರಿದೆ. ಎರಡನೆಯದು ಹಿಡಿ ಪರೀಕ್ಷೆ. ಬಿತ್ತನೆಗೆ ಮುಂಚೆ ರೈತರು ಮಾಡುವುದೇ ಇದು. ಬೆರಳುದ್ದ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಿ, ಬೆರಳು ತಾಕಿಸಿದರೆ ಉದುರಿದರೆ ಹದ ಬಂದಿದೆ. ಬೆರಳ ಸಂದಿಯಿಂದ ಹೊರಗೆ ಬಂದರೆ ವಾಪಸ್ ಹೋಗಿ. ಮೂರನೆಯದು, ಇಪ್ಪತ್ತು ಮೀಟರ್ ಸೈಕಲ್ ಓಡಿಸಿ ಹಿಂದೆ ತಿರುಗಿ ನೋಡಿ. ಹಲ್ಲಿನ ಗುರುತು ಮಾತ್ರ ಬಿದ್ದಿದ್ದರೆ ಮುಂದೆ ಹೋಗಿ. 1 ಸೆಂ.ಮೀ.ಗಿಂತ ಆಳದ ಜಾಡು ಬಿದ್ದಿದ್ದರೆ ನಿಲ್ಲಿಸಿ. ನೀವು ಮಾಡಿದ ಆ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ, ಅದೇ ಕೊರಕಲಾಗುತ್ತದೆ. ಆ ದಾರಿಯಲ್ಲಿ ಬೈಕಿನಲ್ಲಿ ಹಾಲಿನ ಕ್ಯಾನ್ ತರುವವರಿದ್ದಾರೆ, ಮಕ್ಕಳು ಶಾಲೆಗೆ ನಡೆಯುತ್ತಾರೆ. ನಮ್ಮ ಭಾನುವಾರದ ಖುಷಿಗೆ ಅವರ ವಾರವಿಡೀ ದಾರಿ ಕೆಡಿಸುವುದು ಸರಿಯಲ್ಲ.

ಪರೀಕ್ಷೆಯನ್ನು ದಾರಿಯ ಅತಿ ತಗ್ಗಾದ ಜಾಗದಲ್ಲಿ ಮಾಡಿ. ಎಲ್ಲರೂ ಕಾರು ನಿಲ್ಲಿಸಿದ ಕಡೆ, ಗಟ್ಟಿ ಏರಿನ ಮೇಲೆ ಮಾಡಿ ‘ಪರವಾಗಿಲ್ಲ’ ಅಂದುಕೊಳ್ಳುತ್ತಾರೆ.

6. ಸೈಕಲ್ ತಯಾರಿ

ಟೈರಿನ ಗಾಳಿಯನ್ನು ‘ಪಿಎಸ್‌ಐ’ ಎಂಬ ಒತ್ತಡದ ಅಳತೆಯಲ್ಲಿ ಹೇಳುತ್ತಾರೆ. ಸುಮಾರು 70 ಕೆ.ಜಿ. ತೂಕದವರು, 2.2 ಇಂಚು ಅಗಲದ ಟೈರ್, ಒಳಗೆ ಟ್ಯೂಬ್ ಇದ್ದರೆ ಒಣ ನೆಲಕ್ಕೆ 30ರ ಆಸುಪಾಸು, ಒದ್ದೆಗೆ 25ರ ಆಸುಪಾಸು ಇಡಬಹುದು. ಗಾಳಿ ಕಡಿಮೆಯಾದರೆ ಟೈರ್ ಅಗಲವಾಗಿ ನೆಲಕ್ಕೆ ಕೂರುತ್ತದೆ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತಾಗುತ್ತದೆ. ಟೈರಿನ ಬದಿಯಲ್ಲಿ ಬರೆದಿರುವ ಮಿತಿಯನ್ನೂ ಒಮ್ಮೆ ನೋಡಿ.

ರಿಮ್ಮನ್ನು ರಬ್ಬರ್ ಹಿಡಿಯುವ ಬ್ರೇಕ್ ಇದ್ದವರು ಎಚ್ಚರ. ನಮ್ಮ ಕೆಮ್ಮಣ್ಣಿನ ಬೆಣಚು ಹರಳು ಒದ್ದೆಯಲ್ಲಿ ರಬ್ಬರಿಗೂ ರಿಮ್ಮಿಗೂ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹೊರಡುವ ಮುಂಚೆ ರಬ್ಬರ್ ಎಷ್ಟು ಉಳಿದಿದೆ ನೋಡಿ. ಚೈನಿಗೆ ಮಳೆಗಾಲಕ್ಕೆ ಅಂತಲೇ ಬರುವ ಅಂಟು ಎಣ್ಣೆ ಹಾಕಿ. ಪಂಕ್ಚರ್ ಸಾಮಾನು ಮರೆಯಬೇಡಿ. ಮಳೆ ನೀರು ಜಾಲಿ ಮುಳ್ಳನ್ನು ಹೊತ್ತು ತಂದು ದಾರಿಯಲ್ಲೇ ಬಿಡುತ್ತದೆ, ನೆಗ್ಗಿಲ ಗಿಡವೂ ಮಳೆಗೇ ಚಿಗುರುತ್ತದೆ.

7. ಓಡಿಸುವಾಗ

ನೀರು ನಿಂತ ಗುಂಡಿ ಬಂದರೆ ಕಡ್ಡಿಯಿಂದ ಆಳ ನೋಡಿ, ನಡುವಿನಿಂದಲೇ ದಾಟಿ. ಪಕ್ಕದಿಂದ ಬಳಸಿ ಹೋದರೆ ಅಂಚಿನ ಹುಲ್ಲು ಸತ್ತು, ದಾರಿ ಅಗಲವಾಗಿ, ಗುಂಡಿ ದೊಡ್ಡದಾಗುತ್ತದೆ. ಪಕ್ಕದಲ್ಲಿ ಹೊಲ ಇದ್ದರಂತೂ ಇಳಿಯಲೇಬೇಡಿ. ಮಳೆಯಾದ ಮೇಲೆ ಬಿತ್ತಿದ ಹೊಲ ನೋಡಲು ಖಾಲಿಯಾಗಿಯೇ ಇರುತ್ತದೆ.

ಏರಿನಲ್ಲಿ ಸೀಟಿನ ಮೇಲೆ ಕೂತು, ಹಗುರ ಗೇರಿನಲ್ಲಿ ಒಂದೇ ಸಮನೆ ತುಳಿಯಿರಿ. ಎದ್ದು ತುಳಿದರೆ ಹಿಂದಿನ ಗಾಲಿ ಸುಮ್ನೆ ಸುತ್ತುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ನೇರ ಇರುವಾಗ ಹಿಡಿದು, ತಿರುವಿನಲ್ಲಿ ಬಿಡಿ. ಮರದ ಬೇರು ಬಂದರೆ ನೇರ ಅಡ್ಡ ದಾಟಿ, ಓರೆಯಾಗಿ ಹೋದರೆ ಬೀಳುತ್ತೀರಿ.

ಮಂಡ್ಯ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಗಾಲಿ ಹಸಿಯಲ್ಲಿ ಬಿಟ್ಟ ಜಾಡುಗಳು ಒಣಗಿ ಕಲ್ಲಾಗುತ್ತವೆ. ಮುಂದಿನ ಗಾಲಿ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗಿಸಲು ಆಗುವುದಿಲ್ಲ. ಎರಡು ಜಾಡಿನ ನಡುವಿನ ದಿಬ್ಬದ ಮೇಲೆ ಹೋಗಿ. ಇಳಿದೇ ಬಿಟ್ಟರೆ ಒದ್ದಾಡದೆ ಅದರಲ್ಲೇ ನಿಧಾನ ಸಾಗಿ, ಸಮತಟ್ಟು ಬಂದಾಗ ನಿಲ್ಲಿಸಿ ಹೊರಬನ್ನಿ.

ನಾಲೆ ಏರಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ, ವರುಣಾ ನಾಲೆಯ ಏರಿಗಳು ಸಮತಟ್ಟಾಗಿ, ಉದ್ದವಾಗಿ, ಚೆಂದವಾಗಿ ಕಾಣುತ್ತವೆ. ಮಳೆಯಾದ ಮೇಲೆ ಅಲ್ಲಿ ಹೋಗಲೇಬೇಡಿ ಅಂತ ನನ್ನ ಸಲಹೆ. ನೀರು ಬಿಟ್ಟಿರುವಾಗ ಬದಿಯಲ್ಲಿ ಜಿನುಗಿ ಮಳೆಯಿಲ್ಲದೆಯೂ ಏರಿ ಮೆತ್ತಗಾಗಿರುತ್ತದೆ. ಜಾರಿದರೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಓಡುವ ನೀರು. ಕಾಂಕ್ರೀಟ್ ಹಾಕಿದ ನಾಲೆಯ ಬದಿ ಹಿಡಿದು ಮೇಲೆ ಹತ್ತಲು ಈಜು ಬಂದವರಿಗೂ ಕಷ್ಟ.

ತುಂಬಿ ಹರಿಯುವ ಹಳ್ಳದ ತಳ ಕಾಣದಿದ್ದರೆ ದಾಟಬೇಡಿ. ಮೇ ತಿಂಗಳ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬೋಳು ಬೆಟ್ಟಕ್ಕೆ ಹೋಗುವುದಿದ್ದರೆ ಬೆಳಗ್ಗೆಯೇ ಹೋಗಿ ಹತ್ತು ಗಂಟೆಯೊಳಗೆ ಇಳಿದುಬಿಡಿ.

8. ಅನುಮತಿ

ಮೇಲುಕೋಟೆಯ ಕಾಡು ಮತ್ತು ಅರಬ್ಬಿತಿಟ್ಟು ವನ್ಯಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಚಾಮುಂಡಿ ಬೆಟ್ಟದ ಇಳಿಜಾರು ಮೀಸಲು ಅರಣ್ಯ. ಅರಣ್ಯ ಇಲಾಖೆಯ ಫಲಕ ಇರುವ ಕಡೆ ಕೇಳದೆ ನುಗ್ಗಬೇಡಿ. ಈ ಭಾಗದ ಕುರುಚಲು ಕಾಡುಗಳಲ್ಲಿ ಚಿರತೆ ಇವೆ. ಮುಂಜಾವು, ಮುಸ್ಸಂಜೆ ಒಬ್ಬರೇ ಹೋಗುವುದು ಬೇಡ. ಊರಿನ ಹೊಲದ ನಡುವಿನ ದಾರಿಯಾದರೆ ಅಲ್ಲಿ ಸಿಕ್ಕ ಹಿರಿಯರನ್ನು “ಯಜಮಾನ್ರೇ, ಮುಂದೆ ದಾರಿ ಹೆಂಗಿದೆ?” ಅಂತ ಕೇಳಿಬಿಡಿ. ಮೊಬೈಲ್ ನಕ್ಷೆಗಿಂತ ಸರಿಯಾದ ಉತ್ತರ ಸಿಗುತ್ತದೆ.

9. ಮನೆಗೆ ಬಂದ ಮೇಲೆ

ಮಣ್ಣು ಒಣಗುವ ಮುಂಚೆ ಬಕೆಟ್ ನೀರು, ಮೆತ್ತನೆ ಬ್ರಷ್ ಹಿಡಿದು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಗಾಲಿಯ ನಡುವಿಗೆ, ಪೆಡಲಿನ ಬೇರಿಂಗಿಗೆ ಹಿಡಿಸಬೇಡಿ. ಗ್ರೀಸ್ ಹೋಗಿ ಒಳಗೆ ನೀರು ಸೇರುತ್ತದೆ. ಚೈನ್ ಒರೆಸಿ, ಒಣಗಿಸಿ, ಎಣ್ಣೆ ಹಾಕಿ. ಡಿಸ್ಕ್ ಬ್ರೇಕ್ ಇದ್ದರೆ ಆ ಎಣ್ಣೆ ಡಿಸ್ಕಿಗೆ ತಾಕಬಾರದು. ಟೈರಿನ ಮಣ್ಣಿನಲ್ಲಿ ಪಾರ್ಥೇನಿಯಂ ಕಳೆಯ ಬೀಜ ಇರಬಹುದು, ಹಾಗಾಗಿ ತೊಳೆಯುವುದು ಮನೆಯಲ್ಲೇ ಆಗಲಿ, ಇನ್ನೊಬ್ಬರ ಹೊಲದ ಪಕ್ಕ ಬೇಡ.

ಇನ್ನೊಂದು ಕೆಲಸ. ಪ್ರತಿ ಸಲ ಫೋನಿನಲ್ಲಿ ಒಂದು ಸಾಲು ಬರೆದಿಡಿ: ಯಾವ ದಾರಿ, ಎಷ್ಟು ಮಿ.ಮೀ. ಮಳೆ, ಗುಡುಗಿನದ್ದೋ ಸೋನೆಯೋ, ನಿಂತು ಎಷ್ಟು ಗಂಟೆಯಾಗಿತ್ತು, ಗಾಲಿ ಗುರುತು ಎಷ್ಟು ಆಳ. ಒಂದು ಮುಂಗಾರು, ಒಂದು ಹಿಂಗಾರು ಹೀಗೆ ಬರೆದರೆ ನಿಮ್ಮ ದಾರಿಗಳಿಗೆ ನಿಮ್ಮದೇ ಪಟ್ಟಿ ಸಿದ್ಧವಾಗುತ್ತದೆ. ಆಗ ಯಾರಾದರೂ “ಇವತ್ತು ಹೋಗಬಹುದಾ?” ಅಂತ ಕೇಳಿದರೆ, ಯಾವ ದಾರಿ ಅಂತ ಮೊದಲು ತಿರುಗಿ ಕೇಳಿ.